ಕೈಗೆ ನೆನಪಿದ್ದ ನಾಲ್ಕು ಪದ

ಟೀಚರ್‌ಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರು ಹೇಳಿದಾಗ ಅವಳ ಗಂಡ ಕೇಳಿದ್ದು ಒಂದೇ ಪ್ರಶ್ನೆ: "ಈಗ ನಾವು ಏನು ಮಾಡ್ಬೇಕು?" ಡಾಕ್ಟರು ಮಾತ್ರೆ ಬರೆದುಕೊಟ್ಟರು, ದಿನಾ ನಡೆದಾಡಿ ಎಂದರು, ಕೊನೆಗೆ ಕನ್ನಡಕ ಒರೆಸುತ್ತಾ ಇನ್ನೊಂದು ಮಾತು ಸೇರಿಸಿದರು. "ಮನೆ ವ್ಯವಹಾರ ಯಾರು ನೋಡ್ಕೋತಿದ್ದಾರೆ? ಇವರೇ ಆದ್ರೆ, ಇವರಿಗೆ ಗೊತ್ತಿರೋದನ್ನೆಲ್ಲ ಈಗ್ಲೇ ಒಂದು ಕಡೆ ಮಾಡಿಟ್ಕೊಳ್ಳಿ. ಮುಂದೆ ನೋಡೋಣ ಅಂತ ಬಿಡ್ಬೇಡಿ."

ವ್ಯವಹಾರವೆಲ್ಲ ಟೀಚರ್‌ದೇ ಆಗಿತ್ತು. ಆತ ಸಿಟಿ ಬಸ್ ಡ್ರೈವರ್. ಇಪ್ಪತ್ತೊಂಬತ್ತು ವರ್ಷ ಸ್ಟೀರಿಂಗ್ ಹಿಡಿದವನು, ಕರೆಂಟ್ ಬಿಲ್ಲನ್ನು ಯಾವ ಗುಂಡಿ ಒತ್ತಿ ಕಟ್ಟುತ್ತಾರೆ ಎಂದು ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ಆಕೆ ಟೈಪಿಂಗ್ ಕ್ಲಾಸ್ ನಡೆಸಿದವಳು. ಮೊದಲು ಟೈಪ್‌ರೈಟರಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ, ಬೀದಿಯ ಅರ್ಧ ಜನಕ್ಕೆ, ಇಳಿಬಿದ್ದ ಮಣಿಕಟ್ಟನ್ನು ಎತ್ತಿ ಎತ್ತಿ ಸರಿಮಾಡಿ, ಹತ್ತೂ ಬೆರಳು ಓಡಿಸುವುದನ್ನು ಕಲಿಸಿದ್ದಳು. ಹಾಗಾಗಿ ಬೀದಿಗೆಲ್ಲ ಅವಳು ಟೀಚರ್. ಗಂಡನೂ ತಮಾಷೆಗೆಂದು ಹಾಗೆ ಕರೆಯಲು ಶುರುಮಾಡಿ, ಅದೇ ರೂಢಿಯಾಗಿಬಿಟ್ಟಿತ್ತು.

ಆ ಭಾನುವಾರ ಟೀಚರ್‌ನ ತಂಗಿ ಬಂದಳು. ಅವಳು ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವಳು. ಊಟದ ಮೇಜಿನ ಮೇಲೆ ಇಬ್ಬರ ಫೋನು, ಒಂದು ಲ್ಯಾಪ್‌ಟಾಪು, ಒಂದು ಟ್ಯಾಬ್ಲೆಟ್ಟು ಸಾಲಾಗಿ ಕೂತವು.

"ಒಟ್ಟು ಎಷ್ಟು ಪಾಸ್‌ವರ್ಡ್ ಇದೆ ಅಕ್ಕ?"

"ಮೊನ್ನೆ ಎಣಿಸಿದಾಗ ನಲವತ್ತಾರು ಇತ್ತು. ಇವತ್ತು ಎಷ್ಟು ಉಳಿದಿದೆಯೋ ಕಾಣೆ."

ಮೂವರೂ ನಕ್ಕರು. ತಂಗಿಯ ನಗು ಮಾತ್ರ ಬೇಗ ನಿಂತಿತು.

"ನನ್ನ ಕೇಳಿದ್ರೆ ಒಂದು ನೋಟ್‌ಬುಕ್ ಸಾಕು," ಎಂದ ಡ್ರೈವರ್. "ಬರೆದು ಬೀರುವಿನಲ್ಲಿ ಇಟ್ರಾಯ್ತು."

"ಭಾವ, ಒಂದನ್ನ ಬದಲಾಯಿಸಿದ್ರೆ ಅದರಲ್ಲಿ ತಿದ್ದೋದು ಯಾರು? ನೀವು ಬಸ್ಸಲ್ಲಿ, ನೋಟ್‌ಬುಕ್ ಬೀರುವಲ್ಲಿ. ಅಕ್ಕ ಅದನ್ನ ಎಲ್ಲೋ ಎತ್ತಿಟ್ಟು ಮರೆತುಬಿಟ್ರೆ?"

ಕೊನೆಯದು ಬಾಯಿ ತಪ್ಪಿ ಬಂದ ಮಾತು. ಟೀಚರ್ ಕೇಳಿಸದವಳ ಹಾಗೆ, "ಬ್ರೌಸರ್ರೇ ನೆನಪಿಟ್ಕೊಳ್ಳುತ್ತಲ್ಲ, ಸಾಲದಾ?" ಎಂದಳು.

"ಅರ್ಧ ಲ್ಯಾಪ್‌ಟಾಪಲ್ಲಿದೆ, ಅರ್ಧ ನಿನ್ನ ಫೋನಲ್ಲಿದೆ. ಇದಕ್ಕೆ ಗೊತ್ತಿರೋದು ಅದಕ್ಕೆ ಗೊತ್ತಿಲ್ಲ. ಭಾವನ ಫೋನಿಗಂತೂ ಏನೂ ಗೊತ್ತಿಲ್ಲ."

"ಭಾವನ ಥರಾನೇ," ಎಂದಳು ಟೀಚರ್.

ತಂಗಿ ಮೂರನೆಯ ದಾರಿ ತೋರಿಸಿದಳು. ಒಂದು ಆ್ಯಪ್. ಎಲ್ಲ ಪಾಸ್‌ವರ್ಡುಗಳೂ ಅದರೊಳಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದಂತೆ ಇರುತ್ತವೆ. ನಾಲ್ಕು ಯಂತ್ರಗಳಲ್ಲಿ ಎಲ್ಲಿಂದ ಬೇಕಾದರೂ ತೆರೆಯಬಹುದು. ನೆನಪಿಡಬೇಕಾದದ್ದು ಪೆಟ್ಟಿಗೆಯ ಪಾಸ್‌ವರ್ಡ್ ಒಂದನ್ನೇ.

"ಅದನ್ನೇ ಮರೆತ್ರೆ?" ಎಂದ ಡ್ರೈವರ್.

"ಮರೆತ್ರೆ ಮುಗೀತು. ಆ ಕಂಪನಿಯವರಿಗೂ ತೆರೆಯೋಕಾಗಲ್ಲ. ಅದಕ್ಕೇ ಒಂದು ಚೀಟಿಯಲ್ಲಿ ಬರೆದು, ಕವರಿಗೆ ಅಂಟು ಹಾಕಿ ನನ್ನ ಹತ್ರ ಇಟ್ಕೋತೀನಿ."

ಟೀಚರ್ ಸ್ವಲ್ಪ ಹೊತ್ತು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಕೈಯಾಡಿಸುತ್ತಾ ಕೂತಳು. "ಮರೆಯೋಳಿಗೆ ನಲವತ್ತಾರು ಕೊಡೋದಕ್ಕಿಂತ ಒಂದು ಕೊಡೋದೇ ವಾಸಿ. ಇದೇ ಇರಲಿ."

ಪರರಿಗೆ ಊಹಿಸಲಾಗದ ನಾಲ್ಕು ಪದ ಹಾಕು ಎಂದಳು ತಂಗಿ. ಟೀಚರ್ ಯೋಚಿಸಲೂ ಇಲ್ಲ. ಹಸಿರು ಛತ್ರಿ ಕಡೇ ಬಸ್ಸು ಎಂದು ಟಕಟಕನೆ ಹೊಡೆದಳು. ಡ್ರೈವರ್ ಮುಖ ಕೆಂಪಗಾಯಿತು. ಮದುವೆಗೆ ಮುಂಚೆ ಒಂದು ಸಂಜೆ ಅವನು ಓಡಿಸುತ್ತಿದ್ದ ಕೊನೆಯ ಬಸ್ಸಿನಲ್ಲಿ ಛತ್ರಿ ಬಿಟ್ಟು ಇಳಿದಿದ್ದ ಹುಡುಗಿ ಅವಳು. ಡಿಪೋಗೆ ಒಪ್ಪಿಸಬೇಕಿದ್ದ ಛತ್ರಿಯನ್ನು ಅವನು ಮೂರು ದಿನ ಸೀಟಿನ ಹಿಂದೆ ಬಚ್ಚಿಟ್ಟು, ಅವಳೇ ಹತ್ತಿದಾಗ ಕೈಗೆ ಕೊಟ್ಟಿದ್ದ.

"ದಿನಾ ಒಂದು ಸಲ ಹೊಡಿ ಅಕ್ಕ," ಎಂದು ಹೇಳಿಹೋದಳು ತಂಗಿ. "ತಲೆ ಮರೆತ್ರೂ ಕೈ ಮರೆಯಲ್ಲ."

ಅಂದಿನಿಂದ ಬೆಳಗಿನ ಕಾಫಿ ಆದಮೇಲೆ ಅದೊಂದು ಕೆಲಸವಾಯಿತು. ಟೀಚರ್ ಬೆನ್ನು ನೆಟ್ಟಗೆ ಮಾಡಿ ಕೂತು, ಕೀಲಿಗಳ ಕಡೆ ನೋಡದೆ ನಾಲ್ಕು ಪದ ಹೊಡೆಯುವಳು. ಪೆಟ್ಟಿಗೆ ತೆರೆಯುವುದು. "ಪಾಸು," ಎಂದು ಅವಳು ಹೇಳಿದಮೇಲೆಯೇ ಆತ ಕೆಲಸಕ್ಕೆ ಹೊರಡುವುದು. ಹಾಲಿನವನ ಮುಖ ಮರೆಯಿತು, ಎದುರು ಮನೆಯವಳ ಜೊತೆ ಆಡಿದ ಮಾತು ಮರೆಯಿತು, ಎರಡು ಸಲ ನೀರಿನ ನಲ್ಲಿ ಮುಚ್ಚುವುದು ಮರೆಯಿತು. ನಾಲ್ಕು ಪದ ಮರೆಯಲಿಲ್ಲ. ಹೀಗೇ ಒಂದು ವರ್ಷ ದಾಟಿತು.

ಆಮೇಲೆ ತಪ್ಪುಗಳು ಶುರುವಾದವು. ಕೆಲವು ದಿನ ಮೂರು ಪದ ಬಂದು ನಾಲ್ಕನೆಯದು ಬರುತ್ತಿರಲಿಲ್ಲ. ಕೆಲವು ದಿನ ಕೈ ಕೀಲಿಗಳ ಮೇಲೆ ಇಟ್ಟಲ್ಲೇ ನಿಲ್ಲುತ್ತಿತ್ತು. ಆಗ ಆತ ಮೆಲ್ಲಗೆ, "ಕಡೇ ಬಸ್ಸು," ಎಂದು ಎತ್ತಿಕೊಡುತ್ತಿದ್ದ.

ಒಂದು ದಿನ ಆತ ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದಾಗ ಟೀಚರ್ ಫೋನಿನಲ್ಲಿ ಮಾತಾಡುತ್ತಿದ್ದಳು. ಕ್ಲಾಸಿನಲ್ಲಿ ಹೇಳಿ ಬರೆಸುವಾಗಿನ ಆ ಬಿಡಿಬಿಡಿ ಧ್ವನಿ. "ಛತ್ರಿ. ಬರೆದ್ರಾ? ಮುಂದೆ ಕಡೇ." ಆತ ಚಪ್ಪಲಿ ಬಿಡದೆ ಓಡಿಹೋಗಿ ಫೋನು ಕಸಿದುಕೊಂಡ. ಆ ಕಡೆಯ ಗಂಡಸು ಕ್ಲಿನಿಕ್ಕಿನಿಂದ ಎಂದೇನೋ ಸುಳ್ಳು ತೊದಲಿ ಕರೆ ಕತ್ತರಿಸಿದ.

"ಯಾಕ್ರೀ ಕಸ್ಕೊಂಡ್ರಿ? ಪಾಪ, ಕಲೀತಿದ್ದ," ಎಂದಳು ಟೀಚರ್.

ಆತ ಬೈಯಲಿಲ್ಲ. ಆಕೆ ಸ್ನಾನಕ್ಕೆ ಹೋದಾಗ ನಾದಿನಿಗೆ ಫೋನ್ ಮಾಡಿ, ಅವಳು ಹೇಳಿದಂತೆ ಪೆಟ್ಟಿಗೆಯ ಪಾಸ್‌ವರ್ಡ್ ಬದಲಾಯಿಸಲು ಕೂತ. ಹೊಸದೇನು ಹಾಕಬೇಕೆಂದು ಹೊಳೆಯಲಿಲ್ಲ. ನೆನಪಿಗೆ ಬಂದದ್ದೆಲ್ಲ ಅವಳದೇ. ಕೊನೆಗೆ ಕಣ್ಣೆದುರು ಇದ್ದದ್ದನ್ನು ಹೊಡೆದ: ಏಣಿ, ಬಕೆಟ್ಟು, ಗಡಿಯಾರ, ಸಾಬೂನು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಿಲ್ಲುವುದರೊಳಗೆ ಮುಗಿಸಿದ. ಕದ್ದವನ ಹಾಗೆ ಅವನ ಕಂಕುಳು ಬೆವರಿತ್ತು.

ಅವಳಿಗೆ ಹೇಳಲಿಲ್ಲ. ಹತ್ತು ಹದಿನೈದು ದಿನದಿಂದ ಅವಳೇ ಸರಿಯಾಗಿ ಹೊಡೆದಿರಲಿಲ್ಲ. ಬೆಳಗಿನ ಆ ಕೆಲಸ ತಾನಾಗಿಯೇ ನಿಂತುಹೋಗಿತ್ತು. ಹೇಳಿ ನೋಯಿಸುವುದೇಕೆ ಎಂದುಕೊಂಡ.

ಪಾಸ್‌ವರ್ಡ್ ಬದಲಾದ ಒಂಬತ್ತನೆಯ ದಿನ ಬೆಳಿಗ್ಗೆ ಆತ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಾಗ ಹಿಂದಿನಿಂದ ಕೀಲಿಗಳ ಸದ್ದು ಕೇಳಿತು. ತಿರುಗಿದರೆ ಟೀಚರ್, ಬೆನ್ನು ನೆಟ್ಟಗೆ, ಕಣ್ಣು ಕಿಟಕಿಯ ಕಡೆ. ಒಂದೂ ತಡವರಿಕೆಯಿಲ್ಲ. ಹಸಿರು ಛತ್ರಿ ಕಡೇ ಬಸ್ಸು. ಪರದೆ ತಪ್ಪು ಎಂದಿತು. ಮತ್ತೆ ಹೊಡೆದಳು. ತಪ್ಪು. ಮೂರನೆಯ ಸಲ ಒಂದೊಂದೇ ಅಕ್ಷರ ನೋಡಿ ನೋಡಿ, ಹೊಸದಾಗಿ ಕಲಿಯುವವರ ಹಾಗೆ ಹೊಡೆದಳು. ತಪ್ಪು.

ಅವಳು ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡಳು. "ಕೈಗೂ ಮರೆತುಹೋಯ್ತು ಕಣ್ರೀ."

ನೀನು ಸರಿಯಾಗೇ ಹೊಡೆದೆ, ಎನ್ನಬೇಕಿತ್ತು. ಹಾಗೆಂದರೆ ಬೀಗ ಬದಲಾಯಿಸಿದ್ದು ಹೇಳಬೇಕು, ಯಾಕೆಂದು ಹೇಳಬೇಕು, ಫೋನಿನ ಸಂಗತಿ ಎತ್ತಬೇಕು. ಬಸ್ಸಿಗೆ ಹೊತ್ತಾಗಿತ್ತು. "ಇರಲಿ ಬಿಡು, ಸಂಜೆ ನೋಡೋಣ," ಎಂದು ಅಂಗಿ ತೊಟ್ಟು ಹೊರಟುಬಿಟ್ಟ.

ಇಡೀ ದಿನ ಬಸ್ಸು ಓಡಿಸುವಾಗ ಅವಳ ಆ ಮೂರನೆಯ ಪ್ರಯತ್ನವೇ ಕಣ್ಣಿಗೆ ಕಟ್ಟಿತ್ತು. ಎರಡು ಸ್ಟಾಪಿನಲ್ಲಿ ನಿಲ್ಲಿಸದೆ ಹೋಗಿ ಬೈಸಿಕೊಂಡ. ಸಂಜೆ ಮನೆಗೆ ಬಂದವನೇ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತ.

"ಬೆಳಿಗ್ಗೆ ನೀನು ತಪ್ಪು ಮಾಡ್ಲಿಲ್ಲ ಟೀಚರ್. ಮೂರು ಸಲಾನೂ ಸರಿಯಾಗಿತ್ತು. ನಾನೇ ಬದಲಾಯಿಸಿದ್ದೆ. ನಿನಗೆ ಹೇಳದೆ."

ಅವಳು ಅವನ ಮುಖವನ್ನೇ ನೋಡಿದಳು. "ಬೆಳಿಗ್ಗೆನಾ? ಬೆಳಿಗ್ಗೆ ಏನಾಯ್ತು?"

"ಲ್ಯಾಪ್‌ಟಾಪ್ ಮುಂದೆ ಕೂತಿದ್ದೆಯಲ್ಲ."

"ಕೂತಿದ್ನಾ?" ಎಂದಳು. ಆಮೇಲೆ ಸಮಾಧಾನ ಮಾಡುವವಳ ಹಾಗೆ, "ಹೋಗ್ಲಿ ಬಿಡಿ. ಅದಕ್ಕೆ ನೀವ್ಯಾಕೆ ಅಳ್ತೀರಿ?" ಎಂದಳು.

ಮಾರನೆಯ ದಿನವೇ ಆತ ನಾದಿನಿಯನ್ನು ಕರೆಸಿದ. ಇಬ್ಬರೂ ಕೂತು ಪೆಟ್ಟಿಗೆಯನ್ನು ಎರಡು ಮಾಡಿದರು. ಬ್ಯಾಂಕು, ಬಿಲ್ಲು, ಆಸ್ಪತ್ರೆ ಎಲ್ಲ ಅವನ ಹೆಸರಿನ ಪೆಟ್ಟಿಗೆಗೆ ಹೋಯಿತು. ಫೋಟೋ, ಹಾಡು, ಹಳೆಯ ವಿದ್ಯಾರ್ಥಿಗಳ ಪತ್ರ ಟೀಚರ್‌ನ ಪೆಟ್ಟಿಗೆಯಲ್ಲೇ ಉಳಿದವು. ಅದಕ್ಕೆ ಮತ್ತೆ ಹಳೆಯ ನಾಲ್ಕು ಪದಗಳನ್ನೇ ಹಾಕಿದರು.

"ಮೊದಲ ದಿನವೇ ಹೀಗೆ ಮಾಡ್ಬೇಕಿತ್ತು ಭಾವ. ನನಗೆ ಹೊಳೀಲಿಲ್ಲ," ಎಂದಳು ನಾದಿನಿ.

ಆತ ಲ್ಯಾಪ್‌ಟಾಪನ್ನು ಟೀಚರ್‌ನ ಮುಂದೆ ತಳ್ಳಿದ. "ಈಗ ಹೊಡಿ. ತೆರೆಯುತ್ತೆ."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಆ ಬೆಳಗ್ಗೆ ನಡೆದದ್ದು ಅವಳಲ್ಲಿ ಉಳಿದಿರಲಿಲ್ಲ. ಅದು ತಂದ ಅಂಜಿಕೆ ಮಾತ್ರ ಉಳಿದಿತ್ತು. "ನನಗೆ ಬರಲ್ಲ ರೀ. ನೀವೇ ಮಾಡಿ," ಎಂದಳು. ಆತ ಎಷ್ಟೇ ಗೋಗರೆದರೂ ಮುಟ್ಟಲಿಲ್ಲ. ಮುಂದೆ ಯಾವತ್ತೂ ಮುಟ್ಟಲಿಲ್ಲ.

ಆ ವರ್ಷದ ಕೊನೆಗೆ ಆತ ಕೆಲಸ ಬಿಟ್ಟ. ಈಗ ಕಾಫಿ ಆದಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡು ತೋರುಬೆರಳಿನಲ್ಲಿ ಕುಟ್ಟಿ ಕುಟ್ಟಿ ತಾನೇ ಪೆಟ್ಟಿಗೆ ತೆರೆಯುತ್ತಾನೆ. ಒಂದೊಂದೇ ಫೋಟೋ ತೋರಿಸುತ್ತಾನೆ. ಅವಳು ಫೋಟೋಗಳನ್ನು ನೋಡುವುದು ಕಡಿಮೆ. ಅವನ ಬೆರಳುಗಳನ್ನೇ ನೋಡುತ್ತಾಳೆ, ಕೆಲವೊಮ್ಮೆ ಬೇಸರದಿಂದ ಅವನ ಮಣಿಕಟ್ಟಿನ ಕೆಳಗೆ ಕೈಯಿಟ್ಟು ಸ್ವಲ್ಪ ಮೇಲಕ್ಕೆ ಎತ್ತುತ್ತಾಳೆ.