ಹುಲ್ಲು ತುಂಬಿದ ಕರು

ಚಳಿ ಬಲಿತಿತ್ತು. ಹಸುಗಳು ಹಾಲು ಕಡಿಮೆ ಮಾಡಿ ಫ್ಯಾಟು ಹೆಚ್ಚು ಕೊಡುವ ಕಾಲ. ಹಾಲಿನ ಕೇಂದ್ರದ ಮುಂದೆ ಕ್ಯಾನುಗಳು ರಸ್ತೆಯ ತಿರುವಿನ ತನಕ ಸಾಲು ಹಿಡಿದಿದ್ದವು. ಅವುಗಳ ಒಡೆಯರು ಸಾಲನ್ನು ಕ್ಯಾನುಗಳಿಗೇ ಒಪ್ಪಿಸಿ, ಬಿಸಿಲು ಬಿದ್ದ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಒಳಗೆ ಅಕ್ಕ ತೂಕ ಹಾಕುತ್ತಿದ್ದಳು. ತಂಗಿ ಪ್ರತಿ ಕ್ಯಾನಿನಿಂದ ಒಂದು ಸೌಟು ಹಾಲು ತೆಗೆದು ಫ್ಯಾಟು ಅಳೆಯುವ ಯಂತ್ರದ ಮೂತಿಗೆ ಹಿಡಿದು, ಪರದೆಯ ಮೇಲೆ ಅಂಕಿ ನಿಂತ ಕೂಡಲೇ ಚೀಟಿ ಹರಿದು ಕೊಡುತ್ತಿದ್ದಳು.

ತಂಗಿಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಮಾತೆಲ್ಲ ಕೈಯಲ್ಲಿ. ಆ ಕೈಮಾತನ್ನು ಅಕ್ಕ ತಂಗಿ ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಕಟ್ಟಿಕೊಂಡಿದ್ದರು. ಊರಿನವರಿಗೆ ಅದು ಅಷ್ಟಿಷ್ಟು ಗೊತ್ತು. ಪೂರ್ತಿ ಗೊತ್ತಿದ್ದದ್ದು ಅಕ್ಕನೊಬ್ಬಳಿಗೇ.

"ಯಾಕಮ್ಮ, ನಿನ್ನೆಗಿಂತ ಕಮ್ಮಿ ಬಂತಲ್ಲ?" ಎಂದು ಒಬ್ಬ ಚೀಟಿ ತೋರಿಸಿ ಕೇಳಿದ.

ತಂಗಿ ಕೈಯಾಡಿಸಿದಳು. ನಿನ್ನ ಹಸು ನೀರು ಕುಡಿದದ್ದು ಸರಿ, ಕ್ಯಾನು ಯಾಕೆ ಕುಡಿಯಿತು, ಎಂದು.

"ಮೇವು ಏನಾದ್ರೂ ಬದಲಾಯಿಸಿದ್ರಾ ಅಂತ ಕೇಳ್ತಿದ್ದಾಳೆ ಅಣ್ಣ," ಎಂದಳು ಅಕ್ಕ.

ತಂಗಿಯ ಮಾತು ಅಕ್ಕನ ಬಾಯಿಂದ ಹೊರಡುವಾಗ ಹೀಗೇ, ಮಗುವಿಗೆ ಕೊಡುವ ಹಾಲಿನ ಹಾಗೆ, ಬಿಸಿ ಆರಿಯೇ ಹೊರಡುತ್ತಿತ್ತು. ಹತ್ತಾರು ವರ್ಷ ಹೀಗೆ ನಡೆದು, ಊರಿನವರ ಕಣ್ಣಲ್ಲಿ ತಂಗಿ ಬಲು ಸಾಧು ಹೆಂಗಸಾಗಿಬಿಟ್ಟಿದ್ದಳು.

ಸಾಲು ಕರಗಿ, ಹಾಲು ಟ್ಯಾಂಕರಿಗೆ ಏರುವ ಹೊತ್ತಿಗೆ ಡ್ರೈವರ್ ಒಳಗೆ ಬಂದ. ಕೈಯಲ್ಲಿ ಫೋನು. "ಏನಕ್ಕಾ, ನಿನ್ ತಂಗಿ ಇವತ್ತೂ ನನ್ ಮಾನ ಕಳೀತಾಳಾ?"

"ಅವಳನ್ನೇ ಕೇಳಪ್ಪ. ಅವಳ ಎದುರು ನಿನಗೆಲ್ಲಿದೆ ಮಾನ?"

ಆಟ ಎಲ್ಲರಿಗೂ ಗೊತ್ತಿದ್ದದ್ದೇ. ಹಾಡಿನ ತಾಳಕ್ಕೆ ಪರದೆಯ ಮೇಲಿಂದ ಚುಕ್ಕಿಗಳು ಇಳಿಯುತ್ತವೆ. ಚುಕ್ಕಿ ಗೆರೆ ಮುಟ್ಟಿದ ಕ್ಷಣದಲ್ಲಿ ಬೆರಳು ಒತ್ತಬೇಕು. ಊರಿಗೆ ಈ ಹುಚ್ಚು ಹಿಡಿಸಿದವನು ಡ್ರೈವರೇ. ಎಲ್ಲದಕ್ಕೂ ಅವಸರ ಮಾಡುವುದರಿಂದ ಊರು ಅವಸರದಜ್ಜಿ ಎಂದೇ ಕರೆಯುವ, ಕೈ ನಡುಗುವ ಮುದುಕಿ ಕೂಡ ವೇಗ ತಗ್ಗಿಸಿ, ಚುಕ್ಕಿಗಳನ್ನು ದಪ್ಪ ಮಾಡಿಕೊಂಡು ಆಡುತ್ತಿದ್ದಳು. ಒಂದೇ ಬೆರಳಿನಲ್ಲಿ ಆಡಬಹುದು. ಕೇಳಿಸದವರಿಗೆ ತಾಳವನ್ನು ಫೋನಿನ ನಡುಕಕ್ಕೆ ಇಳಿಸುವ ಏರ್ಪಾಡೂ ಇತ್ತು. ತಂಗಿ ಫೋನನ್ನು ಸ್ಟೀಲಿನ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಎಡಗೈ ಅಂಗೈಯನ್ನು ಊರಿ, ಬಲಗೈ ಬೆರಳಲ್ಲಿ ಆಡುತ್ತಿದ್ದಳು. ತಾಳ ಮೇಜಿಗೆ ಇಳಿದು ಅಂಗೈಗೆ ಏರುತ್ತಿತ್ತು. ಕಷ್ಟದ ಹಾಡು ಬಂದರೆ ಅವಳು ಪರದೆಯನ್ನೂ ನೋಡುತ್ತಿರಲಿಲ್ಲ. ಕಿಟಕಿಯಾಚೆ ಕಣ್ಣು ನೆಟ್ಟು ಆಡಿ ಡ್ರೈವರನ್ನು ಸೋಲಿಸುತ್ತಿದ್ದಳು.

"ನಾನು ಎಷ್ಟೋ ಆಟ ನೋಡಿದೀನಿ," ಎಂದ ಡ್ರೈವರ್, ಸೋತು ಮುಗಿಸಿ. "ಕೆಲವು ಬಂದೂಕು ಕೊಡ್ತವೆ, ಕೆಲವು ದುಡ್ಡು ಕೇಳ್ತವೆ. ಯಾರನ್ನೂ ಬಾಗ್ಲಾಚೆ ನಿಲ್ಲಿಸದ ಆಟ ಅಂದ್ರೆ ಇದೊಂದೇ. ಮಾಡಿದೋನು ಪುಣ್ಯವಂತ."

ಕೇಂದ್ರದ ಕಾರ್ಯದರ್ಶಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರೂ ಆಡುತ್ತಿದ್ದರು, ಚೆನ್ನಾಗಿ ಅಲ್ಲ. "ಅಲ್ಲಯ್ಯ, ಕೇಳಿ ಆಡೋ ಆಟಾನ ಮುಟ್ಟಿ ಆಡಿದ್ರೆ ಅದೆಂಥ ಲೆಕ್ಕ? ಪಾಪ, ಆಡ್ಲಿ, ಬೇಡ ಅನ್ನಲ್ಲ. ಆದ್ರೆ ಗೆಲುವು ಅಂತ ಹೇಳಕ್ಕಾಗಲ್ಲ."

"ಸಾರ್, ನೀವು ಕನ್ನಡಕ ಹಾಕ್ಕೊಂಡು ಆಡ್ತೀರ. ಬಿಚ್ಚಿಟ್ಟು ಆಡಿ, ನೋಡಣ," ಎಂದ ಡ್ರೈವರ್.

ಅವಸರದಜ್ಜಿ ಖಾಲಿ ಕ್ಯಾನಿನ ಮೇಲೆ ಕೂತಲ್ಲೇ ಕುಲುಕಾಡಿ ನಕ್ಕಳು. ತಂಗಿ ಏನೆಂದು ಕೇಳಿದಳು. ಅಕ್ಕ ಹೇಳಿದಳು; ಕಾರ್ಯದರ್ಶಿಯ 'ಪಾಪ' ಒಂದನ್ನು ಬಿಟ್ಟು. ತಂಗಿ ಕಾರ್ಯದರ್ಶಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬರುವ ರಜಾ ದಿನ ಕೇಂದ್ರದ ಮೇಲಿನ ಸಭಾಂಗಣದಲ್ಲಿ ಅವರು ಈ ಆಟದ ಸ್ಪರ್ಧೆ ಇಟ್ಟಿದ್ದರು. ಇವರ ಮುಂದೆ, ಎಲ್ಲರ ಮುಂದೆ ಗೆಲ್ತೀನಿ, ಆಮೇಲೆ ಲೆಕ್ಕ ಯಾವುದು ಅಂತ ಕೇಳ್ತೀನಿ, ಎಂದು ಅವಳ ಕೈ ಹೇಳಿತು.

"ಸ್ಪರ್ಧೆಗೆ ಖಂಡಿತ ಬರ್ತಾಳಂತೆ ಸಾರ್," ಎಂದಳು ಅಕ್ಕ.

ರಜಾ ದಿನದ ಮಧ್ಯಾಹ್ನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಮರದ ಮೇಜು. ಅದರ ಮೇಲೆ ನಾಲ್ಕು ಮಡಿಕೆಯ ಹೊಸ ಕಂಬಳಿ. ಫೋನುಗಳಿಗೆ ಗೀರು ಬೀಳಬಾರದೆಂದು ಕಾರ್ಯದರ್ಶಿಯೇ ತಮ್ಮ ಮನೆಯಿಂದ ತಂದು ಹಾಸಿದ್ದರು. ಫೋನು ಮೇಜಿನ ಮೇಲೆಯೇ ಇರಬೇಕು, ಇನ್ನೊಂದು ಕೈ ಅದನ್ನು ಹಿಡಿಯಬಾರದು ಎಂದು ನಿಯಮ ಓದಿದರು. ತಂಗಿ ಕಂಬಳಿಯ ಮೇಲೆ ಅಂಗೈ ಇಟ್ಟಳು. ತೆಗೆದಳು. ಮತ್ತೆ ಇಟ್ಟಳು. ಅಕ್ಕನ ಕಡೆ ತಿರುಗಿ, ಇದನ್ನು ತೆಗೆಸು ಎಂದಳು.

ಅಕ್ಕ ಕಾರ್ಯದರ್ಶಿಯ ಹತ್ತಿರ ಹೋಗಿ ಮೆಲ್ಲಗೆ, "ಸಾರ್, ಕಂಬಳಿ..." ಎಂದಳು.

"ಚೆನ್ನಾಗಿದೆ ಅಲ್ವೇನಮ್ಮ? ಹೊಸದು!" ಎಂದರು ಅವರು, ಮುಖ ಅರಳಿಸಿ.

ವರ್ಷಕ್ಕೊಮ್ಮೆ ಇಬ್ಬರ ಕೆಲಸವನ್ನೂ ಮುಂದುವರಿಸುವುದು ಬಿಡುವುದು ಅವರ ಕೈಯಲ್ಲಿತ್ತು. ಅಕ್ಕ ಹೌದು ಸಾರ್ ಎಂದು ತಲೆಯಾಡಿಸಿ ವಾಪಸು ಬಂದಳು. ಎಲ್ಲರಿಗೂ ಒಂದೇ ನಿಯಮವಂತೆ, ಆಡು, ಎಂದು ಕೈಯಲ್ಲಿ ಹೇಳಿದಳು.

ತಾಳವನ್ನು ಕಂಬಳಿ ನುಂಗಿತು. ತಂಗಿ ಬಗ್ಗಿ, ಕಣ್ಣು ಕಿರಿದು ಮಾಡಿ, ಚುಕ್ಕಿಗಳನ್ನು ಬೆನ್ನಟ್ಟಿದಳು. ಹಾಡು ಅರ್ಧ ಮುಟ್ಟುವ ಮೊದಲೇ ಅವಳ ಪರದೆ ಕೆಂಪಾಗಿ ನಿಂತುಹೋಯಿತು. ಮೊದಲ ಸುತ್ತಿಗೇ ಹೊರಬಿದ್ದಳು. ಅವಳು ತಲೆ ಎತ್ತಿದಾಗ ಸಭಾಂಗಣದ ಜನವೆಲ್ಲ ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತಿದ್ದರು. ಕಿವಿ ಕೇಳದವರಿಗೆ ಚಪ್ಪಾಳೆ ಹೀಗೆ ತಟ್ಟಬೇಕೆಂದು ಕಾರ್ಯದರ್ಶಿ ಯಾವುದೋ ವಿಡಿಯೋ ನೋಡಿ ಹೇಳಿಕೊಟ್ಟಿದ್ದರು. ಕೆಲವರ ಕಣ್ಣಲ್ಲಿ ನೀರು. ಸೋತದ್ದಕ್ಕೆ ಅವಳಿಗೆ ಅಷ್ಟು ಕೈಗಳು.

ಕೊನೆಗೆ ಗೆದ್ದವನು ಡ್ರೈವರ್. ಅವನು ಬಹುಮಾನ ಇಸಿದುಕೊಂಡು, ಯಾರ ಮುಖವನ್ನೂ ನೋಡದೆ ಕೆಳಗಿಳಿದ. ಆಮೇಲೆ ಕಾರ್ಯದರ್ಶಿ ತಂಗಿಯನ್ನು ವೇದಿಕೆಗೆ ಕರೆಸಿ ಹಿತ್ತಾಳೆಯ ಫಲಕವೊಂದನ್ನು ಕೊಟ್ಟರು. ಅದರಲ್ಲಿ ಅವಳ ಹೆಸರು, ಕೆಳಗೆ 'ವಿಶೇಷ ಸ್ಫೂರ್ತಿ ಬಹುಮಾನ'. ಅಕ್ಷರಗಳನ್ನು ಆಳವಾಗಿ, ಅಚ್ಚುಕಟ್ಟಾಗಿ ಕೆತ್ತಿದ್ದರು. ತಂಗಿ ಅವುಗಳ ಮೇಲೆ ಬೆರಳಾಡಿಸಿದಳು. ಇಷ್ಟು ಆಳದ ಕೆತ್ತನೆ ಅರ್ಧ ಗಂಟೆಯಲ್ಲಿ ಆಗುವುದಲ್ಲ.

"ಒಂದೆರಡು ಮಾತು," ಎಂದು ಕಾರ್ಯದರ್ಶಿ ಮೈಕನ್ನು ಪಕ್ಕದಲ್ಲಿ ನಿಂತ ಅಕ್ಕನ ಕಡೆ ಚಾಚಿದರು.

ತಂಗಿಯ ಕೈ ಎದ್ದಿತು. ಕಂಬಳಿ ತೋರಿಸಿ ಹೇಳಿದಳು, ನನ್ನ ಕಿವಿಗೆ ಬಟ್ಟೆ ತುರುಕಿ ಆಡು ಅಂದಿರಿ. ಫಲಕ ತೋರಿಸಿ ಹೇಳಿದಳು, ನಾನು ಸೋಲೋಕೆ ಮುಂಚೆಯೇ ನನ್ನ ಸೋಲನ್ನು ಕೆತ್ತಿಸಿ ಇಟ್ಟಿದ್ದಿರಿ. ಆಮೇಲೆ ತಲೆಯ ಎರಡೂ ಪಕ್ಕ ಕೈ ಜೋಲಿಸಿ ಕರು ಮಾಡಿದಳು. ಅದರ ಹೊಟ್ಟೆಯೊಳಕ್ಕೆ ಮುಷ್ಟಿ ಮುಷ್ಟಿಯಾಗಿ ಹುಲ್ಲು ತುಂಬಿದಳು. ಕರು ಸತ್ತಾಗ ಅದರ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಾರೆ. ಹಸು ಅದನ್ನು ನೆಕ್ಕುತ್ತ ಹಾಲು ಇಳಿಸುತ್ತದೆ. ಹಾಗೆ ನಿಲ್ಲಿಸಿದಿರಿ ನನ್ನನ್ನು, ಇವರ ಕಣ್ಣಲ್ಲಿ ನೀರು ಕರೆಯೋಕೆ, ಎಂದಿತು ಅವಳ ಕೈ.

ಅಕ್ಕನಿಗೆ ಒಂದಕ್ಷರ ಬಿಡದೆ ಅರ್ಥವಾಯಿತು. ಸಭಾಂಗಣ ಕಾಯುತ್ತಿತ್ತು. ಕಾರ್ಯದರ್ಶಿ ನಗುತ್ತ ತಲೆಯಾಡಿಸುತ್ತಿದ್ದರು.

"ತುಂಬ ಸಂತೋಷ ಆಗಿದೆ ಅಂತಿದ್ದಾಳೆ," ಎಂದಳು ಅಕ್ಕ ಮೈಕಿಗೆ. "ಎಲ್ಲರಿಗೂ ಧನ್ಯವಾದ ಅಂತಿದ್ದಾಳೆ."

ಮತ್ತೆ ಕೈಗಳೆಲ್ಲ ಎದ್ದು ಅಲ್ಲಾಡಿದವು. ತಂಗಿ ಒಂದೊಂದೇ ಮುಖ ನೋಡಿದಳು. ನಗು. ಎಲ್ಲೆಲ್ಲೂ ನಗು. ತನ್ನ ಮಾತು ಆ ಮುಖಗಳನ್ನು ಮುಟ್ಟಲೇ ಇಲ್ಲವೆಂದು ತಿಳಿಯಲು ಕಿವಿ ಬೇಕಿರಲಿಲ್ಲ. ಫಲಕವನ್ನು ಕಂಬಳಿಯ ಮೇಲೆ ಬಿಸಾಕಿ ಮೆಟ್ಟಿಲಿಳಿದಳು.

ಕತ್ತಲಾಗುವ ಹೊತ್ತಿಗೆ, ಮನೆಯಲ್ಲಿ, ಅವಳು ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು. ಏನು ಹೇಳಿದೆ ಅವರಿಗೆ?

ಅಕ್ಕ ಒಲೆ ಹಚ್ಚುವ ನೆಪ ಮಾಡಿದಳು. ತಂಗಿ ಭುಜ ಹಿಡಿದು ತಿರುಗಿಸಿದಳು.

"ಏನ್ ಹೇಳ್ಬೇಕಿತ್ತು?" ಅಕ್ಕ ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಹೇಳಿದಳು. "ಅವರ ಮುಖಕ್ಕೆ ಹಾಗೆ ಹೇಳಿದ್ರೆ ನಾಳೆ ಬಾಗ್ಲು ತೆಗೀತಾರಾ ನಮಗೆ? ನಿನಗೇನು, ಕೈ ಬೀಸ್ತೀಯ. ಬಾಯಿ ಬಿಡೋಳು ನಾನು. ಬೈಸ್ಕೊಳೋಳೂ ನಾನು. ಇಷ್ಟು ವರ್ಷ ನಿನ್ನ ಒಳ್ಳೆಯೋಳು ಅಂತ ಊರಲ್ಲಿ ನಡೆಸ್ಕೊಂಡು ಬಂದಿದೀನಲ್ಲ, ಅದಕ್ಕೇನೂ ಇಲ್ವಾ?"

ಆ ಒಳ್ಳೆಯೋಳು ಯಾರು? ಅವಳನ್ನ ನಾನು ನೋಡೇ ಇಲ್ಲ, ಎಂದಿತು ತಂಗಿಯ ಕೈ. ಆಮೇಲೆ ಅವಳು ಗಾಳಿಯಲ್ಲಿ ಅಕ್ಷರ ಕೆತ್ತಿದಳು. ನನ್ನ ಹೆಸರಿಗೆ ಮನೆಯಲ್ಲಿ ಬರೆಯೋ ಹಾಗೇ ಕೊನೆಗೊಂದು ದೀರ್ಘ ಇದೆ ಆ ಫಲಕದಲ್ಲಿ. ಕೇಂದ್ರದ ಕಾಗದಗಳಲ್ಲಿ ಇಲ್ಲ. ಯಾರು ಬರೆದುಕೊಟ್ಟದ್ದು?

ಅಕ್ಕನ ಕೈಗಳು ಕೆಳಗಿಳಿದವು. ಹೋದ ವಾರ ಕಾರ್ಯದರ್ಶಿ ಕೇಳಿದ್ದರು, ಅವಳು ಬರೆದುಕೊಟ್ಟಿದ್ದಳು. ನಿನಗೆ ಸಂತೋಷ ಆಗುತ್ತೆ ಅಂದುಕೊಂಡೆ, ಎಂದು ಹೇಳಲು ಕೈ ಎತ್ತಿದಳು. ಅಷ್ಟರಲ್ಲಿ ತಂಗಿ ಕೈ ಚಾಚಿ ದೀಪ ಆರಿಸಿದಳು. ಕತ್ತಲಲ್ಲಿ ಅಕ್ಕನ ಕೈ ಎತ್ತಿದ ಹಾಗೇ ನಿಂತಿತು.

ಆ ವಾರವಿಡೀ ತಂಗಿ ಅಕ್ಕನ ಕಡೆ ಕಣ್ಣೆತ್ತಲಿಲ್ಲ. ಕೆಲಸ ನಿಲ್ಲಲಿಲ್ಲ. ಸೌಟು, ಯಂತ್ರ, ಚೀಟಿ. ಫೋನು ಚೀಲದಿಂದ ಹೊರಬರಲಿಲ್ಲ. ಕಾರ್ಯದರ್ಶಿ ಆ ಫಲಕ ತಂದು ಯಂತ್ರದ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ತಂಗಿ ಬೆಳಿಗ್ಗೆ ಬಂದು ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸುವಳು. ಅವರು ಬಂದು ಗಾಳಿಗೆ ತಿರುಗಿತೇನೋ ಎಂದು ಸರಿಮಾಡುವರು.

"ಗಾಳಿಗೂ ಸಿಟ್ಟು ಬರತ್ತೆ ಬಿಡು," ಎಂದಳು ಅವಸರದಜ್ಜಿ.

ಡ್ರೈವರ್ ದಿನವೂ ಮೇಜಿನ ಮೇಲೆ ಫೋನಿಟ್ಟು ಕಾಯುತ್ತಿದ್ದ. ತಂಗಿ ಅದನ್ನು ಬದಿಗೆ ಸರಿಸಿ ಮೇಜು ಒರೆಸುತ್ತಿದ್ದಳು. ಒಂದು ದಿನ ಅವನು ಅಕ್ಕನ ಹತ್ತಿರ ಬಂದ. "ಅಕ್ಕಾ, ಒಂದ್ ಮಾತು. ಬೇಜಾರ್ ಮಾಡ್ಕೋಬೇಡ. ಹಲ್ಲು ಕಚ್ಕೊಂಡು ಧನ್ಯವಾದ ಹೇಳೋರನ್ನ ನಾನು ಕಂಡಿಲ್ಲ. ಅವಳು ಅಂದಿದ್ದೇನು?"

ಅಕ್ಕ ತೂಕದ ಅಂಕಿಯಿಂದ ಕಣ್ಣು ತೆಗೆಯಲಿಲ್ಲ. "ಕ್ಯಾನು ಸರಿಸಪ್ಪ," ಎಂದಳು.

ಮರುದಿನ ಬೆಳಿಗ್ಗೆ ಸಾಲು ಇನ್ನೂ ಬಾಗಿಲಲ್ಲಿರುವಾಗಲೇ ಕಾರ್ಯದರ್ಶಿ ಹಾಲು ಒಕ್ಕೂಟದ ಮೇಲಿನ ಕಚೇರಿಯ ಒಬ್ಬರನ್ನು ಕರೆದುಕೊಂಡು ಬಂದರು. ಅವರ ಕೊರಳಲ್ಲಿ ಕ್ಯಾಮೆರಾ. ಫಲಕವನ್ನು ನೆಟ್ಟಗೆ ಮಾಡಿ, ತಂಗಿಯನ್ನು ಅದರ ಕೆಳಗೆ ನಿಲ್ಲಿಸಿದರು.

"ನಮ್ಮ ಹುಡುಗಿ ಸಾರ್. ಪಾಪ, ಕಿವಿ ಇಲ್ಲ. ಆದ್ರೆ ಎಂಥಾ ಉತ್ಸಾಹ! ಏನಮ್ಮ, ಆವತ್ತು ಹೇಳಿದ್ಲಲ್ಲ ಎರಡು ಮಾತು, ಅದನ್ನೇ ಇನ್ನೊಂದ್ಸಲ ಹೇಳೋಕೆ ಹೇಳು."

ಅಕ್ಕ ಕೈಯಲ್ಲಿ ಕೇಳಿದಳು. ತಂಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ವಾರದ ನಂತರ ಮೊದಲ ಸಲ ಅಕ್ಕನ ಮುಖ ನೋಡಿದಳು. ನೋಡುತ್ತಲೇ ನಿಂತಳು. ತೂಕದ ಮೇಲೆ ಯಾರದೋ ಕ್ಯಾನು ಹಾಗೇ ಕೂತಿತ್ತು.

"ಏನಂತಾಳೆ?" ಎಂದರು ಕಾರ್ಯದರ್ಶಿ.

"ಏನೂ ಅನ್ನಲ್ಲ ಸಾರ್. ಅವಳು ಆವತ್ತೇ ಅಂದಾಗಿದೆ. ಹೇಳ್ದೇ ಇದ್ದೋಳು ನಾನು." ಅಕ್ಕನ ಧ್ವನಿ ಏರಿತು. ಬಾಯಿಯ ಜೊತೆಗೆ ಕೈಯೂ ಆಡತೊಡಗಿತು. "ನನ್ನ ಕಿವಿಗೆ ಬಟ್ಟೆ ತುರುಕಿ ಆಡು ಅಂದ್ರಿ, ಅಂದ್ಲು. ಅವಳ ಕಿವಿ ಇರೋದು ಅಂಗೈಯಲ್ಲಿ. ನೀವು ಅದರ ಮೇಲೆ ಕಂಬಳಿ ಹೊದಿಸಿದ್ರಿ. ನಾನು ಸೋಲೋಕೆ ಮುಂಚೇನೇ ನನ್ನ ಸೋಲು ಕೆತ್ತಿಸಿ ಇಟ್ಟಿದ್ರಿ, ಅಂದ್ಲು. ಹುಲ್ಲು ತುಂಬಿದ ಕರು ಥರ ನಿಲ್ಲಿಸಿ ಜನರ ಕಣ್ಣಲ್ಲಿ ನೀರು ಕರೆದ್ರಿ, ಅಂದ್ಲು. ಧನ್ಯವಾದ ಅನ್ನೋದು ಅವಳ ಕೈಯಿಂದ ಬರ್ಲೇ ಇಲ್ಲ ಸಾರ್. ನಾನು ಹುಟ್ಟಿಸಿದ್ದು."

ಕ್ಯಾಮೆರಾದವರು ಕ್ಯಾಮೆರಾ ಇಳಿಸಿದರು. ಕಾರ್ಯದರ್ಶಿಯ ಮುಖದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಒಂದು ಕೆನ್ನೆಯಲ್ಲೇ ನಿಂತಿತ್ತು. "ಏನಮ್ಮ ಇದು, ಮನೆಯಿಂದ ಹೊಸ ಕಂಬಳಿ..." ಎಂದು ಶುರುಮಾಡಿ ನಿಲ್ಲಿಸಿದರು. ಬಾಗಿಲಲ್ಲಿ ಡ್ರೈವರ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಗೋಡೆಯ ಬಿಸಿಲಿನಲ್ಲಿದ್ದವರೆಲ್ಲ ಒಳಗೆ ಇಣುಕುತ್ತಿದ್ದರು.

ತಂಗಿ ಒಂದೊಂದೇ ಮುಖ ನೋಡಿದಳು. ಯಾರೂ ನಗುತ್ತಿರಲಿಲ್ಲ. ಅವಳ ಕೈ ಬೆನ್ನ ಹಿಂದಿನಿಂದ ಮುಂದೆ ಬಂತು. ಅಕ್ಕನತ್ತ ಬೆರಳು ತೋರಿಸಿದಳು. ಗಾಳಿಯಲ್ಲಿ ಹೆಸರು ಬರೆದು, ಕೊನೆಗೆ ಆ ದೀರ್ಘ ಎಳೆದಳು. ಅದನ್ನೂ ಹೇಳು.

"ಇನ್ನೂ ಇದೆಯಾ?" ಎಂದಳು ಅವಸರದಜ್ಜಿ, ಆಸೆಯಿಂದ.

"ಇದೆ ಅಜ್ಜಿ." ಅಕ್ಕ ಉಸಿರೆಳೆದುಕೊಂಡಳು. "ಆ ಫಲಕಕ್ಕೆ ಹೆಸರು ಬರ್ಕೊಟ್ಟೋಳು ನಾನೇ. ಸ್ಪರ್ಧೆಗೆ ಒಂದು ವಾರ ಮುಂಚೇನೇ. ಕರುವಿಗೆ ಹುಲ್ಲು ತುಂಬಿದೋರಲ್ಲಿ ನಾನೂ ಒಬ್ಳು."

ಅವಳ ಬಾಯಿಂದ ಮಾತಿನ ಜೊತೆಗೇ ಬಿಳಿ ಆವಿ ಹೊರಟು, ಬಾಗಿಲಿನ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ತಂಗಿ ಅದು ಕ್ಯಾನುಗಳ ಮೇಲೆ ಹರಡಿ ಪೂರ್ತಿ ಕರಗುವ ತನಕ ನೋಡಿದಳು.