ಇಪ್ಪತ್ತೆರಡನೆಯ ಪುಟದ ಅಳತೆ

ತಪ್ಪು ಇಪ್ಪತ್ತೆರಡನೆಯ ಪುಟದಲ್ಲಿತ್ತು. ಕರಡಚ್ಚು ಬಂದ ದಿನವೇ ಕಣ್ಣಿಗೆ ಬಿತ್ತು. ಲೇಖನಕ್ಕೆ ಇಬ್ಬರು ಲೇಖಕರು, ನನ್ನ ಪಿಎಚ್‌ಡಿ ಗೈಡು ಮತ್ತು ನಾನು. ಶುಕ್ರವಾರ ಮಧ್ಯಾಹ್ನದೊಳಗೆ ಇಬ್ಬರೂ ಸಹಿ ಮಾಡಿ ಕಳಿಸಿದರೆ ಅಚ್ಚಿಗೆ ಹೋಗುತ್ತದೆ. ನನ್ನ ಹೆಸರು ಅಚ್ಚಾಗುವುದು ಅದೇ ಮೊದಲು. ತಪ್ಪಿನ ಜೊತೆ ಅಚ್ಚಾಗುವುದು ನನಗೆ ಬೇಕಿರಲಿಲ್ಲ.

ನಮ್ಮ ಕೆಲಸ ಹೀಗೆ. ಸಾಮಾನ್ಯ ಸಂಖ್ಯೆಗಳಿಗೆ ಐದರ ವರ್ಗಮೂಲವನ್ನೋ ಮೈನಸ್ ಒಂದರ ವರ್ಗಮೂಲವನ್ನೋ ಸೇರಿಸಿದರೆ ಒಂದು ಹೊಸ ಸಂಖ್ಯಾಕ್ಷೇತ್ರವಾಗುತ್ತದೆ. ಅದನ್ನು ಒಂದೇ ಕಿಟಕಿಯಿಂದ ನೋಡಿದರೆ ಸಾಲದು. ಒಂದೊಂದು ಅವಿಭಾಜ್ಯ ಸಂಖ್ಯೆಯೂ ಒಂದೊಂದು ಕಿಟಕಿ. ಪ್ರತಿ ಕಿಟಕಿಯಲ್ಲೂ ಕಂಡದ್ದನ್ನು ಅಲೆಗಳಾಗಿ ಬಿಡಿಸಿ, ಕೊನೆಗೆ ಎಲ್ಲವನ್ನೂ ಗುಣಿಸಿ ಒಂದು ಮಾಡುತ್ತೇವೆ. ಬಿಡಿಸಿದ್ದನ್ನು ಮತ್ತೆ ಹೆಣೆದಾಗ ಮೊದಲಿದ್ದದ್ದೇ ಸಿಗಬೇಕು. ಅದಕ್ಕೆ ಪ್ರತಿ ಕಿಟಕಿಗೂ ಸರಿಯಾದ ಅಳತೆ ಬೇಕು. ಬಹುತೇಕ ಕಡೆ ಆ ಅಳತೆ ಒಂದು. ಬೆರಳೆಣಿಕೆಯಷ್ಟು ಕಡೆ ಮಾತ್ರ ಒಂದಲ್ಲ. ಆ ಕಿಟಕಿಗಳಿಂದಲೇ ಕ್ಷೇತ್ರದ ಗುರುತಿನ ಸಂಖ್ಯೆ ಹುಟ್ಟುವುದು. ಅದಕ್ಕೆ ಶೋಧಕ ಎನ್ನುತ್ತೇವೆ.

ಮೂರನೆಯ ಪುಟದಲ್ಲಿ ಇದನ್ನೆಲ್ಲ ಸರಿಯಾಗಿಯೇ ಬರೆದಿದ್ದೆವು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆತ ಹಾಗೆ, ಇಪ್ಪತ್ತೆರಡನೆಯ ಪುಟದ ಹೊತ್ತಿಗೆ ಎಲ್ಲ ಕಡೆಯೂ ಒಂದು ಎಂದು ಬರೆದು ಮುಂದೆ ಹೋಗಿದ್ದೆವು. ಹಾಗಾಗಿ ನಮ್ಮ ಸೂತ್ರದಲ್ಲಿ ಶೋಧಕ ಬರಲೇ ಇಲ್ಲ. ಅದೇ ಸೂತ್ರದ ಸೊಗಸು ಎಂದು ಎಲ್ಲರೂ ಮೆಚ್ಚಿದರು. ಗೈಡು ಎರಡು ಸಮ್ಮೇಳನಗಳಲ್ಲಿ ಅದನ್ನೇ ಹೇಳಿದ್ದರು. ಲೇಖನದ ಶೀರ್ಷಿಕೆಯೂ 'ಶೋಧಕವಿಲ್ಲದ ಒಂದು ಎಣಿಕೆ ಸೂತ್ರ' ಎಂದೇ ಇತ್ತು.

ಪರೀಕ್ಷಿಸಿ ನೋಡಿರಲಿಲ್ಲವೇ ಎಂದರೆ, ನೋಡಿದ್ದೆವು. ಸಾಮಾನ್ಯ ಸಂಖ್ಯೆಗಳ ಮೇಲೆ. ಅಲ್ಲಿ ಶೋಧಕದ ಬೆಲೆ ಒಂದು. ಇಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ.

ಮಂಗಳವಾರ ಎಂಟು ಹಾಳೆ ಬರೆದುಕೊಂಡು ಗೈಡಿನ ಕೋಣೆಗೆ ಹೋದೆ.

"ಏನಮ್ಮಾ, ಊಟ ಆಯ್ತಾ? ನಿದ್ದೆ ಬರ್ತಿದೆಯಾ?"

ನನ್ನ ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ಅಂದಿನಿಂದ ಲೆಕ್ಕದ ಮಾತಿಗೆ ಮೊದಲು ಅವರು ಈ ಎರಡು ಪ್ರಶ್ನೆ ಕೇಳದೆ ಇದ್ದದ್ದಿಲ್ಲ.

"ಇಪ್ಪತ್ತೆರಡನೇ ಪುಟದಲ್ಲಿ ಅಳತೆ ತಪ್ಪಿದೆ ಸರ್. ಶೋಧಕದ ವರ್ಗಮೂಲ ಬಿಟ್ಟುಹೋಗಿದೆ."

ಅವರು ಹಾಳೆ ಬಿಡಿಸಲಿಲ್ಲ. ಅದರ ಮೇಲೆ ಅಂಗೈ ಇಟ್ಟರು.

"ಹೋದ ವಾರ ನೀನು ಎರಡನೇ ವರ್ಷದವರ ಪಾಠಾನ ಮೊದಲನೇ ವರ್ಷದವರಿಗೆ ಮಾಡಿ ಬಂದೆಯಂತೆ."

"ಹೌದು ಸರ್."

"ಇಡೀ ಒಂದು ಗಂಟೆ. ಒಬ್ಬರೂ ತಡೀಲಿಲ್ಲವಾ?"

"ಅವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ ಸರ್. ದಿನಾ ಅರ್ಥ ಆಗೋದೂ ಅಷ್ಟೇ."

ಅವರು ನಕ್ಕರು. ಆಮೇಲೆ ಮೆತ್ತಗೆ ಹೇಳಿದರು. "ನೋಡು, ಇಬ್ಬರು ಪರಿಶೀಲಕರು ಓದಿದ್ದಾರೆ. ನಾನು ನಾಲ್ಕು ಸಲ ಓದಿದ್ದೀನಿ. ಇಂಥ ಹೊತ್ತಲ್ಲಿ ಮನಸ್ಸಿಗೆ ಇಲ್ಲದ್ದೆಲ್ಲ ಕಾಣುತ್ತೆ. ಸಹಿ ಹಾಕು, ಒಂದು ತಿಂಗಳು ರಜೆ ತಗೋ. ಪತ್ರ ನಾನೇ ಬರೀತೀನಿ."

ಒಳ್ಳೆಯವರು. ಅದೇ ತೊಂದರೆ. ಜಗಳಗಂಟರಾಗಿದ್ದರೆ ಹಾಳೆ ಓದಿ ಜಗಳಕ್ಕೆ ಬರುತ್ತಿದ್ದರು.

ಹೊರಗೆ ಆಫೀಸಿನ ಅಕ್ಕ ಫಾರಂ ಹಿಡಿದು ಕಾದಿದ್ದರು. ವಿಭಾಗದ ಕಾಗದವೆಲ್ಲ ಅವರ ಕೈಯಿಂದಲೇ ಹೋಗಬೇಕು.

"ನಿಮ್ಮಿಬ್ಬರ ಸಹಿ ಬಾಕಿ ಕಣಮ್ಮಾ. ಹಾಕಿಬಿಡು, ನನ್ನ ತಲೆಭಾರ ಇಳಿಯುತ್ತೆ."

"ಈಗ ಹಾಕೋದಿಲ್ಲ ಅಕ್ಕ."

"ಇಷ್ಟು ಯೋಚನೆ ಮಾಡೋಕೆ ಇದೇನು ಮದುವೆ ರಿಜಿಸ್ಟರ್ರಾ?" ಅಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ನನ್ನ ಬಾಯಿಗಿಷ್ಟು…"

"ಅದಕ್ಕೆ ಯೋಚನೆ ಮಾಡದೆ ಹಾಕಿದ್ದೆ ಅಕ್ಕ. ಇದು ಬೇರೆ."

ಅವರು ಫಾರಂ ಮಡಚಿ ಮೇಜಿನೊಳಗೆ ಇಟ್ಟರು. "ಶುಕ್ರವಾರ ಹನ್ನೆರಡು ಗಂಟೆ. ಹನ್ನೆರಡೂವರೆಗೆ ಬಂದರೆ ನಾನು ಊಟಕ್ಕೆ ಹೋಗಿರ್ತೀನಿ, ಆಮೇಲೆ ಬೈಬೇಡ."

ಬುಧವಾರ ಬೆಳಗ್ಗೆ ಕೂತು ಯೋಚಿಸಿದೆ. ಲೆಕ್ಕದ ಬಗ್ಗೆ ಯೋಚಿಸುವುದೇನೂ ಇರಲಿಲ್ಲ, ಅದು ಸರಿಯಿತ್ತು. ಆದರೆ ನನ್ನ ತಲೆಯಿಂದ ಏನು ಹೊರಟರೂ ಮಾತು ತಲೆಯ ಕಡೆಗೇ ತಿರುಗುತ್ತದೆ. ನನ್ನದಲ್ಲದ ಕೈಯಿಂದ ಒಂದು ಎಣಿಕೆ ಬೇಕಿತ್ತು.

ನಮ್ಮ ಪ್ರಮೇಯ ಎಣಿಸುವುದು ತೊಡಕಿನ ವಸ್ತುಗಳನ್ನು. ಅದನ್ನು ಮೈನಸ್ ಒಂದರ ವರ್ಗಮೂಲದ ಕ್ಷೇತ್ರಕ್ಕೆ ಇಳಿಸಿ, ಇನ್ನೂ ಸರಳ ಮಾಡಿದರೆ, ಕೊನೆಗೆ ಉಳಿಯುವುದು ಮಕ್ಕಳಾಟ: ಚೌಕಳಿಯ ಮೇಲೆ ಒಂದು ವೃತ್ತ ಎಳೆದು, ಒಳಗೆ ಎಷ್ಟು ಮೂಲೆಗಳು ಬೀಳುತ್ತವೆ ಎಂದು ಎಣಿಸುವುದು. ತ್ರಿಜ್ಯ ಹತ್ತು ಚೌಕವಾದರೆ ನಮ್ಮ ಸೂತ್ರ ಸುಮಾರು ಆರುನೂರ ಇಪ್ಪತ್ತೆಂಟು ಎನ್ನುತ್ತದೆ. ಆ ಕ್ಷೇತ್ರದ ಶೋಧಕ, ಚಿಹ್ನೆ ಬಿಟ್ಟರೆ, ನಾಲ್ಕು. ಅದರ ವರ್ಗಮೂಲ ಎರಡು. ಅಳತೆ ತಿದ್ದಿದರೆ ಉತ್ತರ ಅರ್ಧವಾಗುತ್ತದೆ, ಮುನ್ನೂರ ಹದಿನಾಲ್ಕರ ಆಸುಪಾಸು.

ನಮ್ಮ ಮಾವ, ನನ್ನ ಗಂಡನ ತಂದೆ, ಟೈಲ್ಸ್ ಹಾಕುತ್ತಾರೆ. ಆ ವಾರ ಒಂದು ಹೊಸ ಕ್ಲಿನಿಕ್ಕಿನ ಹಾಲಿನಲ್ಲಿ ಕೆಲಸ. ಮಧ್ಯಾಹ್ನ ಅಲ್ಲಿಗೆ ಹೋದೆ. ಒಂದಡಿಯ ಚೌಕದ ಬಿಳಿ ಟೈಲುಗಳು, ಹಿಂದಿನ ದಿನ ಹಾಕಿ ಮುಗಿಸಿದ್ದು. ಸಂದು ಇನ್ನೂ ತುಂಬಿರಲಿಲ್ಲ.

"ಏನ್ ತಾಯಿ, ಈ ಹೊತ್ತಲ್ಲಿ? ಊಟ ಆಯ್ತಾ?"

"ಆಯ್ತು ಮಾವ."

"ಸುಳ್ಳು. ಡಬ್ಬಿ ಮನೇಲೇ ಬಿಟ್ಟು ಹೋಗಿದ್ದೀಯ, ನಾನೇ ನೋಡಿದೆ." ತಮ್ಮ ಡಬ್ಬಿಯ ಅರ್ಧ ನನ್ನ ಕಡೆ ತಳ್ಳಿದರು. ತಿಂದೆ. ಆಮೇಲೆ ಬಂದ ಕೆಲಸ ಹೇಳಿದೆ.

"ಇಷ್ಟು ವರ್ಷ ಓದಿ ಕೊನೆಗೆ ಟೈಲ್ಸ್ ಎಣಿಸೋಕೆ ಬಂದ್ಯಾ? ಮೊದಲೇ ಹೇಳಿದ್ರೆ ಫೀಸಿಲ್ಲದೆ ಕಲಿಸ್ತಿದ್ದೆನಲ್ಲ."

"ಟೈಲ್ಸ್ ಅಲ್ಲ ಮಾವ, ಮೂಲೆ. ನಾಲ್ಕು ಟೈಲು ಕೂಡುವ ಜಾಗ. ನನಗೆ ಎಷ್ಟು ಬೇಕು ಅಂತ ಹೇಳೋದಿಲ್ಲ. ನೀವು ಎಷ್ಟು ಬರುತ್ತೆ ಅಂತ ಹೇಳಿ."

ಅವರು ನೈಲಾನ್ ದಾರ ತೆಗೆದರು. ನೂಲಿನ ದಾರ ಎಳೆದರೆ ಹಿಗ್ಗುತ್ತದೆ, ಅಳತೆಗೆ ಆಗದು. ಹಾಲಿನ ನಡುವಿನ ಒಂದು ಮೂಲೆಯ ಮೇಲೆ ನಾನು ದಾರದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಅವರು ಹತ್ತು ಟೈಲಿನಷ್ಟು ಬಿಟ್ಟು, ಸೀಸದ ಕಡ್ಡಿ ಕಟ್ಟಿ, ಕುಕ್ಕರಗಾಲಲ್ಲಿ ಸುತ್ತಿ ಗೆರೆ ಎಳೆದರು. ಒಂದು ಕಡೆ ನಿಂತರು.

"ಇಲ್ಲಿ ಗೆರೆ ಮೂಲೇನ ಸರಿಯಾಗಿ ಮುಟ್ಟುತ್ತೆ. ಈ ಕಡೆ ಆರು, ಆ ಕಡೆ ಎಂಟು, ದಾರ ಹತ್ತು. ಗೋಡೆ ಮೂಲೆ ನೇರ ಇದೆಯಾ ಅಂತ ನಾವು ನೋಡೋದೇ ಈ ಲೆಕ್ಕದಲ್ಲಿ. ಇದು ಒಳಗೋ, ಹೊರಗೋ?"

"ಒಳಗೆ."

ಸಾಲು ಸಾಲಾಗಿ ಎಣಿಸಿದರು. ಟೈಲಿನ ಡಬ್ಬದ ರಟ್ಟೊಂದನ್ನು ಹರಿದು ಅದರ ಮೇಲೆ ಬರೆದರು. ನಡುವಿನ ಸಾಲು ಇಪ್ಪತ್ತೊಂದು. ಅದರ ಬಲಕ್ಕೆ ಹತ್ತೊಂಬತ್ತರ ನಾಲ್ಕು ಸಾಲು, ಹದಿನೇಳರ ಎರಡು, ಆಮೇಲೆ ಹದಿನೈದು, ಹದಿಮೂರು, ಒಂಬತ್ತು, ಕೊನೆಗೆ ಒಂದು.

"ಒಂದು ಕಡೆ ನೂರ ನಲವತ್ತೆಂಟು. ಆ ಕಡೇನೂ ಅಷ್ಟೇ ಇರಬೇಕು. ಆದರೂ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ." ಎಡಗಡೆಯನ್ನೂ ಎಣಿಸಿದರು. ಅಷ್ಟೇ ಇತ್ತು. "ಮುನ್ನೂರ ಹದಿನೇಳು. ನಿನಗೆ ಬೇಕಾದ್ದು ಬಂತಾ?"

"ಬಂತು ಮಾವ."

"ಬರದಿದ್ದರೂ ನಾನು ಇನ್ನೊಂದು ಸೇರಿಸ್ತಿರಲಿಲ್ಲ ಬಿಡು."

ಗುರುವಾರ ಗೈಡು ಊರಲ್ಲಿರಲಿಲ್ಲ. ಶುಕ್ರವಾರ ಒಂಬತ್ತಕ್ಕೇ ಹೋಗಿ ರಟ್ಟನ್ನು ಅವರ ಮೇಜಿನ ಮೇಲಿಟ್ಟೆ.

"ಇದೇನಮ್ಮಾ? ಮನೆ ಕಟ್ಟಿಸ್ತಿದ್ದೀಯಾ?"

"ಹತ್ತು ಟೈಲಿನ ವೃತ್ತದೊಳಗೆ ಎಷ್ಟು ಮೂಲೆ ಇವೆ ಅಂತ ಎಣಿಸಿದ್ದು ಸರ್. ಮುನ್ನೂರ ಹದಿನೇಳು. ನಮ್ಮ ಸೂತ್ರ ಆರುನೂರ ಇಪ್ಪತ್ತೆಂಟು ಅನ್ನುತ್ತೆ."

ನಗುತ್ತಿದ್ದವರು ನಿಲ್ಲಿಸಿದರು. ತ್ರಿಜ್ಯ ಹತ್ತಾದರೆ ವೃತ್ತದ ವಿಸ್ತೀರ್ಣ ಮುನ್ನೂರ ಹದಿನಾಲ್ಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

"ಈ ಸಂದರ್ಭ ನಮ್ಮ ಪ್ರಮೇಯದೊಳಗೆ ಬರೋದಿಲ್ಲ."

"ಐದನೇ ಪುಟ, ಎರಡನೇ ಉದಾಹರಣೆ. ನೀವೇ ಸೇರಿಸಿದ್ದು."

ಪುಟ ತೆಗೆದು ನೋಡಿದರು. ಮತ್ತೆ ರಟ್ಟು ನೋಡಿದರು. "ಯಾರು ಎಣಿಸಿದ್ದು?"

"ನಮ್ಮ ಮಾವ."

"ಅವರೂ ಪಾಪ, ಬೆಳೆದ ಮಗನ್ನ ಕಳಕೊಂಡು…"

"ಹೌದು ಸರ್. ಮಗ ಹೋದ ಮೇಲೂ ಮೂಲೆಗಳು ಅಷ್ಟೇ ಇವೆ. ಬೇಕಾದರೆ ನೀವೂ ಎಣಿಸಿ."

ಹೇಳಬೇಕಾದ್ದು ಇನ್ನೊಂದಿತ್ತು, ಹೇಳಿದೆ.

"ಇಪ್ಪತ್ತೆರಡನೇ ಪುಟದ ಆ ಸಾಲು ಬರೆದದ್ದು ನಾನು. ಒಂದೂವರೆ ವರ್ಷದ ಹಿಂದೆ. ಆಗ ನಾನು ತುಂಬ ಚೆನ್ನಾಗಿದ್ದೆ. ಆ ಸಂಜೆ ನಾನೂ ನನ್ನ ಗಂಡನೂ ಸಿನಿಮಾಕ್ಕೆ ಹೋಗೋದಿತ್ತು, ಬೇಗ ಬೇಗ ಮುಗಿಸಿದೆ. ತಪ್ಪು ಮಾಡಿದ್ದು ಆಗ ಸರ್. ಕಂಡದ್ದು ಈಗ."

ಅವರು ಕನ್ನಡಕ ಹಾಕಿಕೊಂಡರು. ಮೇಜಿನ ಒಂದು ಬದಿಯಲ್ಲಿ ಮಂಗಳವಾರದಿಂದ ಹಾಗೇ ಇದ್ದ ನನ್ನ ಎಂಟು ಹಾಳೆಗಳನ್ನು ಎಳೆದುಕೊಂಡರು. ಓದುವಾಗ ಅವರಿಗೆ ತುಟಿ ಅಲ್ಲಾಡಿಸುವ ಅಭ್ಯಾಸ. ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ಆರನೆಯ ಹಾಳೆಯಲ್ಲಿ ತುಟಿ ನಿಂತಿತು.

"ಅಲ್ಲಮ್ಮಾ, ನಾಲ್ಕು ಸಲ ಓದಿದ್ದೀನಿ."

"ಮೂರನೇ ಪುಟ ಸರಿಯಿತ್ತು ಸರ್. ಅದನ್ನು ನಂಬಿ ಮುಂದೆ ಓದಿದ್ದೀರಿ."

"ಎರಡು ಸಮ್ಮೇಳನದಲ್ಲಿ ಡಂಗುರ ಹೊಡೆದು ಬಂದೆ."

"ಮೂರನೆಯದರಲ್ಲಿ ವಾಪಸ್ ತಗೊಂಡರಾಯ್ತು."

"ನಿನಗೇನು, ಹೇಳ್ತೀಯ. ನಿಂತು ಮಾತಾಡೋನು ನಾನು." ಆದರೆ ಕೆಂಪು ಪೆನ್ನಿನ ಮುಚ್ಚಳ ತೆಗೆದಾಗಿತ್ತು. "ಎಷ್ಟು ಕಡೆ ತಿದ್ದಬೇಕು?"

"ಹದಿನಾಲ್ಕು ಕಡೆ. ಶೀರ್ಷಿಕೆ ಬೇರೆ."

ಶೀರ್ಷಿಕೆಯ ಮೊದಲ ಪದದ ಮೇಲೆ ಗೆರೆ ಎಳೆದು ಉಳಿದದ್ದನ್ನು ಓದಿದರು. "ಒಂದು ಎಣಿಕೆ ಸೂತ್ರ. ಉಪ್ಪಿಲ್ಲದ ಸಾರು."

"ಸರಿಯಾಗಿದೆ ಸರ್."

"ಸರಿಯಾಗೇನೋ ಇದೆ." ನಿಟ್ಟುಸಿರು ಬಿಟ್ಟು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ನಾನು ಓದುತ್ತ ಹೋದೆ, ಅವರು ತಿದ್ದುತ್ತ ಹೋದರು. ಒಂಬತ್ತನೆಯ ತಿದ್ದುಪಡಿಯಲ್ಲಿ ವರ್ಗಮೂಲ ಛೇದದಲ್ಲಿ ಬರಬೇಕೇ ಅಂಶದಲ್ಲಿ ಬರಬೇಕೇ ಎಂದು ವಾದ ಬಿತ್ತು. ಅವರು ಗೆದ್ದರು, ಅಲ್ಲಿ ನಾನೇ ಅವಸರಪಟ್ಟಿದ್ದೆ. ಅದರಿಂದ ಅವರಿಗೆ ಸ್ವಲ್ಪ ಗೆಲುವಾಯಿತು. ಹನ್ನೊಂದೂವರೆಗೆ ಆಫೀಸಿನ ಅಕ್ಕ ಬಾಗಿಲಲ್ಲಿ ಇಣುಕಿ, ಕೆಂಪು ಪುಟಗಳನ್ನು ನೋಡಿ, "ಇದೇನು, ಕುಂಕುಮ ಚೆಲ್ಲಿದ ಹಾಗೆ" ಎನ್ನುತ್ತ ಫಾರಂ ಇಟ್ಟು ಹೋದರು. ಈ ಸಲ ನಾಲಿಗೆ ಕಚ್ಚಿಕೊಳ್ಳಲಿಲ್ಲ.

ಹದಿನಾಲ್ಕನೆಯದು ಮುಗಿಯಿತು.

"ಇನ್ನೆಲ್ಲಾದರೂ ಇದೆಯಾ?"

"ಇಲ್ಲ."

ಅವರು ಪುಟ ತಿರುವಿ ನೋಡಲಿಲ್ಲ. ಸಹಿ ಮಾಡಿ, ಪೆನ್ನನ್ನು ನನ್ನ ಕಡೆ ತಿರುಗಿಸಿದರು.