ಹದಿನಾಲ್ಕನೆಯ ತಾರಸಿ

ಪ್ರದರ್ಶನಕ್ಕೆ ಮೂರೇ ದಿನ ಉಳಿದಿದ್ದಾಗ ಸಭಾಂಗಣದ ಬೀಗ ಬದಲಾಯಿತು.

ಪಾರ್ಕ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿದ್ದ ಆ ಸಭಾಂಗಣದ ಮುಂದೆ ಮಂಗಳವಾರ ಬೆಳಿಗ್ಗೆ ಹದಿಮೂರು ಮಂದಿ ಕಲಾವಿದರು ನಿಂತಿದ್ದರು. ಅವರ ಬಳಿಯಿದ್ದ ಬೀಗದ ಕೈ ಒಳಗೇ ಹೋಗುತ್ತಿರಲಿಲ್ಲ. ಛಾವಣಿ ಸೋರುತ್ತಿದೆ, ದುರಸ್ತಿ ನಡೆಯಲಿದೆ ಎಂದು ಕಾವಲುಗಾರ ಕಣ್ಣು ತಪ್ಪಿಸಿ ಹೇಳಿದ. ಜನವರಿಯ ಒಣ ಬಿಸಿಲಿನಲ್ಲಿ ಯಾವ ಛಾವಣಿ ಸೋರುತ್ತದೆಂದು ಯಾರೂ ಕೇಳಲಿಲ್ಲ. ಬೀಗ ಯಾರ ಮಾತಿನಿಂದ ಬದಲಾಯಿತೆಂಬುದು ಎಲ್ಲರಿಗೂ ಗೊತ್ತಿತ್ತು.

ನಗರದ ಹಳೆಯ ಕಲಾಮಂಡಳಿ ಆ ಹದಿಮೂರು ಮಂದಿಯನ್ನೂ ತನ್ನ ವಾರ್ಷಿಕ ಪ್ರದರ್ಶನದಿಂದ ಹೊರಗಿಟ್ಟಿತ್ತು. ಅವರು ಕ್ಯಾನ್ವಾಸಿನ ಮೇಲೆ ಬರೆಯುವವರಲ್ಲ. ತಗಡು, ಟಾರ್ಪಾಲು, ಗೋಣಿತಾಟು, ಹಳೆಯ ಸೀರೆ, ಹೀಗೆ ಬೀದಿ ಕೊಟ್ಟಿದ್ದರ ಮೇಲೆ ಬರೆಯುವವರು. ಆಯ್ಕೆ ಸಮಿತಿಯ ಅಧ್ಯಕ್ಷ ಶ್ಯಾಮಸುಂದರ ಹದಿಮೂರು ಅರ್ಜಿಗಳ ಮೇಲೂ ಒಂದೇ ಷರಾ ಬರೆದಿದ್ದರು: 'ಚಿತ್ರವೆನ್ನಲಾಗದು.' ಅವರ ಬಳಿ ನಾಲ್ಕು ವರ್ಷ ಕಲಿತಿದ್ದ ನಿಹಾರಿಕಾ ಆ ಷರಾವನ್ನೇ ತಮ್ಮ ಸ್ವಂತ ಪ್ರದರ್ಶನಕ್ಕೆ ಹೆಸರಾಗಿಟ್ಟಳು. ಕರಪತ್ರವೂ ಊರೆಲ್ಲ ಹಂಚಿಯಾಗಿತ್ತು: 'ಚಿತ್ರವೆನ್ನಲಾಗದು', ಶುಕ್ರವಾರ, ಸಂಜೆ ನಾಲ್ಕು ಗಂಟೆಗೆ.

ಗೋಣಿತಾಟಿನ ಮೇಲೆ ಬರೆಯುವ ಶೋಭನಾ, ಒಂದು ತಿಂಗಳು ಮುಂದೂಡೋಣ ಎಂದಳು. ಹಲವರು ಹೌದೆಂದು ತಲೆಯಾಡಿಸಿದರು.

"ಮುಂದೂಡಿದರೆ ಮಂಡಳಿ ಗೆದ್ದ ಹಾಗೆ. ಶುಕ್ರವಾರ ನಾಲ್ಕಕ್ಕೇ," ಎಂದಳು ನಿಹಾರಿಕಾ.

"ಎಲ್ಲಿ, ನಿನ್ನ ತಲೆಯ ಮೇಲಾ?" ಎಂದಳು ಶೋಭನಾ.



ಉತ್ತರ ನಿಹಾರಿಕಾಳಿಗೆ ಅದೇ ಮಧ್ಯಾಹ್ನ ಮಾಜೇರ್‌ಹಾಟ್‌ನಿಂದ ಮನೆಗೆ ಮರಳುವಾಗ ಸಿಕ್ಕಿತು. ಅಲ್ಲಿಂದ ಜೋಕಾವರೆಗೆ ಮೆಟ್ರೋ ಹೋಗುವುದು ಕಂಬಗಳ ಮೇಲೆ. ಕಿಟಕಿಗೆ ಎದುರಾಗಿ ಮನೆಗಳ ತಾರಸಿಗಳೇ ಸಾಲಾಗಿ ಸರಿಯುತ್ತವೆ. ಸಖೇರ್ ಬಜಾರಿನ ಬಳಿ ಒಂದು ತಾರಸಿಯ ಮೇಲೆ ಯಾರೋ ಕೆಂಪು ರಜಾಯಿಯನ್ನು ಬಿಸಿಲಿಗೆ ಹರಡಿದ್ದರು. ಅದು ಕಂಡದ್ದು ಹೆಚ್ಚೆಂದರೆ ಏಳು ಸೆಕೆಂಡು. ಬೋಗಿಯಲ್ಲಿ ಮೊಬೈಲಿಗೆ ಬಗ್ಗಿದ್ದ ಮೂವರು ಆ ಏಳು ಸೆಕೆಂಡಿನಲ್ಲಿ ತಲೆಯೆತ್ತಿದರು. ನಿಹಾರಿಕಾ ಸೀಟಿನಿಂದ ಎದ್ದು ನಿಂತಳು. ಬೀಗವಿಲ್ಲದ ಸಭಾಂಗಣ ಕಣ್ಣೆದುರೇ ಇತ್ತು.

ಬುಧವಾರ ಹದಿಮೂರು ಮಂದಿಯೂ ಹಳಿಯುದ್ದಕ್ಕೂ ಬಾಗಿಲು ತಟ್ಟಿದರು. ಬೈಸಿಕೊಂಡರು, ಚಹಾ ಕುಡಿದರು, ಎರಡು ಕಡೆ ನಾಯಿಗೆ ಹೆದರಿ ಓಡಿದರು. ಕೆಂಪು ರಜಾಯಿಯ ಒಡತಿ ಇಂದುಮತಿ ಎಪ್ಪತ್ತು ದಾಟಿದ ಹೆಂಗಸು. ತಾರಸಿಯ ತುಂಬ ಅವರು ಬೋಡಿ ಒಣಗಿಸುತ್ತಿದ್ದರು; ಬೋಡಿಯೆಂದರೆ ಬಂಗಾಳದ ಬೇಳೆ ಸಂಡಿಗೆ. ಚಿತ್ರವೋ ಮತ್ತೊಂದೋ, ತನಗೆ ಬೇಡವೆಂದರು. ಮಂಡಳಿ ಬೀಗ ಹಾಕಿಸಿದ ಕಥೆ ಕೇಳಿದ ಮೇಲೆ ಅವರ ಮುಖ ಬೇರೆಯಾಯಿತು.

"ಹಾಕು. ಆದರೆ ನನ್ನ ಬೋಡಿಯ ಮೇಲೆ ನೆರಳು ಬಿದ್ದರೆ ಆ ತಗಡನ್ನು ನಾನೇ ಬೀದಿಗೆ ಎಸೆಯುತ್ತೇನೆ."

"ಬೀಳಲ್ಲ, ಮಾಶಿಮಾ," ಎಂದಳು ನಿಹಾರಿಕಾ, ಚಿಕ್ಕಮ್ಮ ಎಂದು ಕರೆದಂತೆ.

ಸಂಜೆಯೊಳಗೆ ಹದಿಮೂರು ತಾರಸಿಗಳು ಸಿಕ್ಕವು. ಗುರುವಾರ ಬೆಳಿಗ್ಗೆ ಹದಿಮೂರು ಚಿತ್ರಗಳೂ ಬಿದಿರಿನ ಚೌಕಟ್ಟಿಗೆ ಏರಿದವು. ಇಂದುಮತಿಯವರ ತಾರಸಿಗೆ ಏರಿದ್ದು ನಿಹಾರಿಕಾಳದೇ: ಆರು ತಗಡುಗಳನ್ನು ಜೋಡಿಸಿ ಬರೆದ, ಕಾಳಿಘಾಟ್ ಗುಡಿಯ ಹೊರಗೆ ಬಿಟ್ಟ ಸಾವಿರದ ಇನ್ನೂರು ಚಪ್ಪಲಿಗಳು. ಒಬ್ಬ ಮನುಷ್ಯನೂ ಅದರಲ್ಲಿಲ್ಲ. ಒಂದು ಚಪ್ಪಲಿಯ ಸವೆತ ಇನ್ನೊಂದಕ್ಕಿಲ್ಲ. ಕೂದಲೆಳೆಯ ಕುಂಚದಲ್ಲಿ ಮೂರು ವರ್ಷ ಮಾಡಿದ ಕೆಲಸ ಅದು.

ಅವಳ ತಂದೆ ಮರಿಯಪ್ಪ ಅರಸೀಕೆರೆಯ ಕಡೆಯವರು. ಈ ಊರಿಗೆ ಬಂದು ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ನಿಲ್ದಾಣಗಳ ಹೆಸರಿನ ಹಲಗೆ ಬರೆದು ನಿವೃತ್ತರಾದವರು. ಅವರ ಮೇಲಧಿಕಾರಿಯೊಬ್ಬರಿಗೆ ಒಂದು ಪದ್ಧತಿಯಿತ್ತು. ಹಲಗೆ ಬರೆದವನನ್ನೇ ಗಾಡಿಯಲ್ಲಿ ಕೂರಿಸಿ, ನಿಲ್ಲದೆ ಹೋಗುವಾಗ ಹೆಸರು ಓದಿಸುತ್ತಿದ್ದರು. ಓದಲಾಗದಿದ್ದರೆ ಅಳಿಸಿ, ಮೊದಲಿನಿಂದ ಬರೆಯಬೇಕಿತ್ತು. ಆ ಪರೀಕ್ಷೆ ಮುಗಿಯದೆ ಪ್ರದರ್ಶನ ತೆರೆಯಕೂಡದೆಂದು ಮರಿಯಪ್ಪ ಹಟ ಹಿಡಿದರು. ತಂದೆ ಮಗಳು ಠಾಕೂರ್‌ಪುಕುರ್‌ನಲ್ಲಿ ರೈಲು ಹತ್ತಿದರು.

ಶೋಭನಾಳ ಗೋಣಿತಾಟು ಬಂತು, ಮರಿಯಪ್ಪ ತಲೆದೂಗಿದರು. ಸಖೇರ್ ಬಜಾರ್ ಬಂತು, ಹೋಯಿತು. ಮುಂದಿನ ಹನ್ನೊಂದು ಚಿತ್ರಗಳಿಗೂ ಅವರ ತಲೆ ಆಡಿತು. ಮಾಜೇರ್‌ಹಾಟ್‌ನಲ್ಲಿ ಇಳಿದ ಮೇಲಷ್ಟೇ ಅವರು ಬಾಯಿ ಬಿಟ್ಟರು.

"ನಿಂದರಲ್ಲಿ ಏನು ಕಾಣ್ತವ್ವಾ?"

"ಬಣ್ಣ, ಅಪ್ಪಾ."

"ಯಾವ ಬಣ್ಣ?"

ಅವಳು ಬಂದ ಹಳಿಯತ್ತ ತಿರುಗಿ ನೋಡಿದಳು.

"ಕೆಸರು ಕಾಣ್ತು. ಹತ್ರ ನಿಂತ್ರೆ ಅದು ಚಿನ್ನ ಕಣವ್ವ, ಇಲ್ಲ ಅನ್ನಲ್ಲ. ಆದ್ರೆ ಗಾಡಿಯಿಂದ ಕೆಸರು. ನಾನು ಪಾಸ್ ಮಾಡಾಕಿಲ್ಲ."

ಎಲ್ಲರನ್ನೂ ಒಟ್ಟುಗೂಡಿಸಿದವಳ ಚಿತ್ರವೊಂದೇ ಸೋತಿತ್ತು. ಅದೇ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು.

ಶ್ಯಾಮಸುಂದರ ಮೆಲುದನಿಯ ಮನುಷ್ಯ. ಅರ್ಜಿಯ ಜೊತೆಗಿದ್ದ ಫೋಟೋದಲ್ಲಿ ಚಪ್ಪಲಿಗಳ ಚಿತ್ರವನ್ನು ಇನ್ನೊಮ್ಮೆ ಕಣ್ಣಿಟ್ಟು ನೋಡಿದೆ, ಮೊದಲು ನೋಡಿದ್ದು ಅವಸರದಲ್ಲಿ, ಎಂದರು. ವಾರ್ಷಿಕ ಪ್ರದರ್ಶನದ ನಡುಗೋಡೆ ಅದಕ್ಕಾಗಿ ಖಾಲಿಯಿದೆ. ಶುಕ್ರವಾರ ಮಧ್ಯಾಹ್ನ ವ್ಯಾನು ಕಳಿಸುತ್ತೇನೆ. ಉಳಿದ ಹನ್ನೆರಡು ಮಂದಿಯ ಗೊಡವೆ ನಿನಗೇಕೆ ಎಂದರು. ನಡುಗೋಡೆಯ ದೀಪದ ಕೆಳಗೆ ಸಾವಿರದ ಇನ್ನೂರು ಚಪ್ಪಲಿಗಳು ಒಂದೊಂದಾಗಿ ಕಾಣುವ ಬಗೆ ಅವಳ ಕಣ್ಣಿಗೆ ಕಟ್ಟಿತು. ಅವಳು ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ತಂದೆಗೆ ಎಲ್ಲವನ್ನೂ ಹೇಳಿದಳು. ಕೊಡು ಎಂದಾಗಲಿ ಬೇಡ ಎಂದಾಗಲಿ ಅವರು ಅನ್ನಲಿಲ್ಲ. ನಾಲ್ಕರ ಗಾಡಿಗೆ ಆ ತಾರಸಿ ಖಾಲಿಯಿದ್ದರೆ ಜನಕ್ಕೆ ಏನು ಕಾಣುತ್ತದೆ ಎಂದಷ್ಟೇ ಕೇಳಿದರು. ಹಿಂದಿರುಗುವ ರೈಲಿನಲ್ಲಿ ನಿಹಾರಿಕಾ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಕೆಸರು ಮತ್ತೊಮ್ಮೆ ಬಂದು ಹೋಯಿತು.

"ಅಪ್ಪಾ, ನಿಮ್ಮ ದಾರ ಇದೆಯಾ?"

ಅದು ಹಲಗೆ ಬರೆಯುವವರ ದಾರ. ಸೀಮೆಸುಣ್ಣದ ಪುಡಿ ಹಚ್ಚಿ, ಎರಡು ತುದಿ ಬಿಗಿಹಿಡಿದು ಮೀಟಿದರೆ ನೆಟ್ಟಗೆ ಗೆರೆ ಮೂಡುತ್ತದೆ. ಒಂದು ತುದಿ ತಂದೆಯ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಟಪ್ಪೆಂದು ದಾರ ಬಡಿದಾಗ ಮೂರು ವರ್ಷದ ಚಪ್ಪಲಿಗಳ ಮೇಲೆ ಬಿಳಿ ಗೆರೆ ಬಿತ್ತು. ಮರಿಯಪ್ಪ ಕುಂಚ ಮುಟ್ಟಲಿಲ್ಲ. ನಿಲ್ದಾಣದ ಹಲಗೆಯ ಅದೇ ಹಳದಿಯನ್ನು ಅವರು ಕಲಸಿ ಕೊಟ್ಟರು, ಅವಳು ಬಳಿದಳು. ಹೊತ್ತು ಮುಳುಗುವ ಮುನ್ನ ಹಳದಿಯ ಮೇಲೆ ಕಪ್ಪಗೆ ಒಂದೇ ಒಂದು ಚಪ್ಪಲಿ ನಿಂತಿತು. ತಾರಸಿಯಷ್ಟೇ ಅಗಲದ ಆ ಚಪ್ಪಲಿಯ ಬಾರು ಕಿತ್ತು, ಪಿನ್ನು ಹಾಕಿತ್ತು.

ಶುಕ್ರವಾರ ಮಧ್ಯಾಹ್ನ ಮಂಡಳಿಯ ವ್ಯಾನು ಬಂತು. ಬಂದವರು ಮೇಲೇರಿ ನೋಡಿ, ತಮಗೆ ಹೇಳಿದ್ದು ಬೇರೆ ಚಿತ್ರವೆಂದು ಗೊಣಗಿದರು. ಅಧ್ಯಕ್ಷರಿಗೆ ಚಿತ್ರ ಬೇಕಿದ್ದರೆ ಜೋಕಾದಿಂದ ನಾಲ್ಕರ ಗಾಡಿ ಹತ್ತಲಿ ಎಂದು ನಿಹಾರಿಕಾ ಹೇಳಿ ಕಳಿಸಿದಳು. ಇಂದುಮತಿ ಮೊರ ಹಿಡಿದು ಬೋಡಿಗಳನ್ನು ಅಂಗುಲದಷ್ಟೂ ಸರಿಸದೆ ಕಾವಲು ಕುಳಿತರು.

ನಾಲ್ಕಕ್ಕೆ ಜೋಕಾದಲ್ಲಿ ತಂದೆ ಮಗಳು ಮೂರನೆಯ ಬೋಗಿ ಹತ್ತಿದರು. ಬಾಗಿಲು ಮುಚ್ಚುವ ಕ್ಷಣದಲ್ಲಿ ಬಿಳಿ ಶಾಲು ಹೊದ್ದ ಶ್ಯಾಮಸುಂದರ ಒಳಬಂದು, ತಾರಸಿಗಳು ಕಾಣುವ ಬದಿಯ ಸೀಟಿನಲ್ಲಿ ಕಿಟಕಿಗೆ ಬೆನ್ನು ಮಾಡಿ ಕುಳಿತರು.

ಗೋಣಿತಾಟು ಬಂದಾಗ ಒಬ್ಬನೇ ನೋಡಿದ. ಬೋಗಿ ಮತ್ತೆ ಮೊಬೈಲಿಗೆ ಬಗ್ಗಿತು. ನಿಹಾರಿಕಾ ಕೈಕಂಬಿಯನ್ನು ಬಿಗಿ ಹಿಡಿದಳು. ಸಖೇರ್ ಬಜಾರಿನ ತಿರುವಿನಲ್ಲಿ ಹಳದಿ ಹೊಳೆಯಿತು. ಹೆಂಗಸೊಬ್ಬಳು ಪಕ್ಕದವಳ ಭುಜ ತಟ್ಟಿದಳು. ಆಚೆ ಬದಿಯ ಜನ ಈಚೆಗೆ ಬಂದು ನಿಂತರು. ಆ ಗುಂಪಿನ ನಡುವೆ ಬಿಳಿ ಶಾಲೊಂದು ಎದ್ದು ತಿರುಗಿದ್ದನ್ನು ಅವಳು ಕಂಡಳು. ಏಳು ಸೆಕೆಂಡು ಯಾರೂ ಮೊಬೈಲಿಗೆ ಬಗ್ಗಲಿಲ್ಲ.

"ಚಪ್ಪಲಿ," ಮರಿಯಪ್ಪ ನಿಲ್ದಾಣದ ಹೆಸರು ಓದುವ ದನಿಯಲ್ಲಿ ಓದಿದರು. "ಪಾಸು."

ಶ್ಯಾಮಸುಂದರ ಅವಳ ಬಳಿ ಬಂದರು.

"ಆ ಸಾವಿರ ಚಪ್ಪಲಿಗಳು ಏನಾದವು?"

"ಇದರ ಕೆಳಗಿವೆ, ಸರ್."

"ಹಾಳು ಮಾಡಿದೆ. ಇದನ್ನು ಚಿತ್ರವೆನ್ನಲಾಗದು."

"ಕರಪತ್ರದಲ್ಲೂ ಹಾಗೇ ಹಾಕಿದ್ದೇವೆ, ಸರ್. ಓದಿಲ್ಲವೇ?"

ಅವರು ಮುಂದಿನ ನಿಲ್ದಾಣದಲ್ಲಿ ಇಳಿದರು. ಬೋಗಿಯ ಜನ ಇಳಿಯಲಿಲ್ಲ. ಮುಂದೇನು ಬರುತ್ತದೆಂದು ಕಿಟಕಿಗೆ ಅಂಟಿಕೊಂಡೇ ನಿಂತರು. ಮರಿಯಪ್ಪ ಬೆರಳು ಮಡಿಸುತ್ತ ಎಣಿಸುತ್ತಿದ್ದರು. ತಾರಾತಲಾ ಬರುವ ಮೊದಲೇ ಹದಿಮೂರು ಮುಗಿದವು.

ತಾರಾತಲಾ ದಾಟಿದ ಮೇಲೆ ಅವರು ಮಗಳ ತೋಳು ಹಿಡಿದರು. ಹದಿಮೂರು ಮಂದಿಯಲ್ಲಿ ಯಾರೂ ಬಾಗಿಲು ತಟ್ಟದ ಮನೆಯೊಂದರ ತಾರಸಿಯಲ್ಲಿ ಹಾಸುಬಟ್ಟೆಯೊಂದು ಹರಡಿತ್ತು. ಅದರ ತುಂಬ ನೀಲಿಯಲ್ಲಿ ಒಂದು ದೊಡ್ಡ ಕೈ. ಬಣ್ಣ ಇನ್ನೂ ಹಸಿಯಿತ್ತು, ಸೋರಿ ಗೋಡೆಯ ಮೇಲೆ ಇಳಿಯುತ್ತಿತ್ತು.

"ಇದು ಯಾರ್ದವ್ವಾ?"

"ಗೊತ್ತಿಲ್ಲ, ಅಪ್ಪಾ."

ನಿಹಾರಿಕಾ ಮುಂದಿನ ನಿಲ್ದಾಣದಲ್ಲಿ ಇಳಿದು, ಆ ಮನೆಯ ದಾರಿ ಹಿಡಿದಳು.